ಕಡಲಿಗೆ ಮುಖ ಮಾಡಿದ ಮನೆ: ಗೋವಾದ ಕಾಬೊ ಅರಮನೆ ಮತ್ತು ಅದರ ತೋಟ

ಗೋವಾ ನೋಡಲು ಬರುವ ನಮ್ಮ ಕಡೆಯವರು ದೋನಾ ಪಾವ್ಲಾ ಬಿಡುವುದಿಲ್ಲ. ಜೆಟ್ಟಿ ಹತ್ತಿರ ಫೋಟೋ, ಒಂದು ಟೋಪಿ, ಒಂದು ಪ್ಲೇಟ್ ಭೇಲ್, ಅಲ್ಲಿಗೆ ಮುಗೀತು. ಆದರೆ ಅಲ್ಲಿಂದ ಸ್ವಲ್ಪ ಪಶ್ಚಿಮಕ್ಕೆ, ಕಡಲೊಳಗೆ ಚಾಚಿದ ಗುಡ್ಡದ ತುದಿಯಲ್ಲಿ, ಮರಗಳ ಹಿಂದೆ ಒಂದು ಹಳೆಯ ಎಸ್ಟೇಟ್ ಇದೆ. ಹೆಸರು ಕಾಬೊ. ಒಂದು ಕಾಲಕ್ಕೆ ಕೋಟೆ, ಆಮೇಲೆ ಕ್ರೈಸ್ತ ಸನ್ಯಾಸಿಗಳ ಮಠ, ಆಮೇಲೆ ಪೋರ್ಚುಗೀಸ್ ಗವರ್ನರ್‌ಗಳ ಅರಮನೆ. ಈಗ ಗೋವಾದ ರಾಜ್ಯಪಾಲರು ಇರುವ ಜಾಗ.

ಜಾಗ ಎಂಥದ್ದು ಅಂತ ಮೊದಲು ತಿಳಿದುಕೊಳ್ಳೋಣ. ಉತ್ತರಕ್ಕೆ ಮಾಂಡವಿ ನದಿ, ದಕ್ಷಿಣಕ್ಕೆ ಜುವಾರಿ ನದಿ. ಎರಡೂ ಕಡಲು ಸೇರುವ ಕಡೆ ನಡುವೆ ಉಳಿದ ನೆಲದ ಕೊನೆಯ ತುದಿ ಇದು. ಒಂದು ಕಡೆ ಅಗ್ವಾದ ಕೋಟೆ ಕಾಣುತ್ತದೆ, ಇನ್ನೊಂದು ಕಡೆ ಮುರಗಾಂವ್ ಬಂದರು. ಮುಂದೆ ಅರಬ್ಬಿ ಸಮುದ್ರ ಬಿಟ್ಟರೆ ಬೇರೇನೂ ಇಲ್ಲ. ಹಡಗಿನ ಮೇಲೆ ಕಣ್ಣಿಡಲು ಇದಕ್ಕಿಂತ ಒಳ್ಳೆ ಜಾಗ ಸಿಗುವುದಿಲ್ಲ. ಮನೆ ಕಟ್ಟಲು ಇದಕ್ಕಿಂತ ಕೆಟ್ಟ ಜಾಗವೂ ಸಿಗುವುದಿಲ್ಲ.

ಯಾಕೆ ಅಂದರೆ, ಇಲ್ಲಿ ಎಲ್ಲವೂ ಪಶ್ಚಿಮದಿಂದಲೇ ಬರುತ್ತದೆ. ಮಾರ್ಚ್, ಏಪ್ರಿಲ್ ಸೆಕೆಯಲ್ಲಿ ಮಧ್ಯಾಹ್ನ ಜೀವ ಉಳಿಸುವ ಗಾಳಿ ಕಡಲಿನಿಂದ ಬರುತ್ತದೆ. ಅದೇ ಹೊತ್ತಿಗೆ ಇಳಿಬಿಸಿಲು ಕೂಡ ಅದೇ ಕಡೆಯಿಂದ ನೇರ ಕೋಣೆಯೊಳಗೆ ನುಗ್ಗುತ್ತದೆ. ಜೂನ್ ಬಂತೆಂದರೆ ಮಳೆಯೂ ಆ ಕಡೆಯಿಂದಲೇ, ಅಡ್ಡಡ್ಡ ಹೊಡೆಯುತ್ತದೆ. ಗೋವಾದ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ. ಅದರಲ್ಲಿ ಹೆಚ್ಚುಪಾಲು ನಾಲ್ಕೇ ತಿಂಗಳಲ್ಲಿ ಸುರಿದು ಮುಗಿಯುತ್ತದೆ. ಇದರ ಜೊತೆಗೆ ವರ್ಷವಿಡೀ ಉಪ್ಪಿನ ಹನಿ. ಅಂದರೆ ಏಪ್ರಿಲ್‌ನಲ್ಲಿ ಅಗಲವಾಗಿ ತೆರೆದಿಡಬೇಕಾದ ದಿಕ್ಕನ್ನೇ ಜೂನ್‌ನಲ್ಲಿ ಗಟ್ಟಿಯಾಗಿ ಮುಚ್ಚಬೇಕು. ಬಿಸಿಲಿಗೆ ಮುಚ್ಚಬೇಕು, ಗಾಳಿಗೆ ತೆರೆಯಬೇಕು, ಅದೂ ಒಂದೇ ಹೊತ್ತಿಗೆ.

ಉಷ್ಣವಲಯದ ಕಡಲಂಚಿನ ಯಾವ ಹಳೆಯ ಬಂಗಲೆ ನೋಡಿದರೂ, ಅದರ ವರಾಂಡ, ಮಾಡು (ಅಂದರೆ ಸೂರು), ಕಿಟಕಿ, ತೋಟ ಎಲ್ಲವೂ ಈ ಒಂದು ತಕರಾರಿಗೆ ಸಿಕ್ಕ ಉತ್ತರಗಳೇ. ಅಂದ ಚಂದ ಆಮೇಲೆ ಬಂದದ್ದು. ತೋಟವನ್ನು ನಾವು ಮನೆಯ ಅಲಂಕಾರ ಅಂದುಕೊಳ್ಳುತ್ತೇವೆ. ಇಲ್ಲಿ ಅದು ಮನೆಯ ಮೊದಲ ಗೋಡೆ.

ಕೋಟೆಯಿಂದ ಮಠ, ಮಠದಿಂದ ಅರಮನೆ

ಇತಿಹಾಸವನ್ನು ಬೇಗ ಮುಗಿಸಿಬಿಡುತ್ತೇನೆ. 1540ರಲ್ಲಿ ಇಲ್ಲಿ ಕೋಟೆ ಕೆಲಸ ಶುರುವಾಯಿತು. ಅದರ ಜೊತೆಗೆ ಕನ್ಯಾ ಮರಿಯಮ್ಮನ ಒಂದು ಪುಟ್ಟ ಚಾಪೆಲ್ ಬಂತು. ದೂರದಿಂದ ಬರುವ ಹಡಗಿನವರಿಗೆ ಅದು ಗುರುತು. 1594ರಲ್ಲಿ ಫ್ರಾನ್ಸಿಸ್ಕನ್ ಸನ್ಯಾಸಿಗಳ ಮಠ ಎದ್ದಿತು. 19ನೇ ಶತಮಾನದ ಆರಂಭದಲ್ಲಿ, ನೆಪೋಲಿಯನ್ ಯುದ್ಧಗಳ ಕಾಲಕ್ಕೆ, ಫ್ರೆಂಚರು ಬಂದಾರೆಂಬ ಭಯದಿಂದ ಬ್ರಿಟಿಷ್ ಸೈನ್ಯ ಇಲ್ಲಿ ಬಂದು ಕೂತಿತ್ತು. ಅವರ ಸ್ಮಶಾನ ಈಗಲೂ ದೋನಾ ಪಾವ್ಲಾದಲ್ಲಿ ಇದೆ. 1834ರಲ್ಲಿ ಪೋರ್ಚುಗಲ್ ಸರ್ಕಾರ ಸನ್ಯಾಸಿ ಸಂಘಗಳನ್ನೇ ರದ್ದು ಮಾಡಿತು. ಅದರ ಬಿಸಿ ಗೋವಾಕ್ಕೂ ತಟ್ಟಿ ಮಠ ಖಾಲಿಯಾಯಿತು. ಖಾಲಿ ಕಟ್ಟಡವನ್ನು ಮೊದಲು ಆರ್ಚ್‌ಬಿಷಪ್, ಆಮೇಲೆ ಗವರ್ನರ್ ಜನರಲ್‌ಗಳು ಬೇಸಿಗೆ ಮನೆಯಾಗಿ ಬಳಸಿದರು. 1918ರಿಂದ ಅದೇ ಗವರ್ನರ್ ಅವರ ಕಾಯಂ ನಿವಾಸ. 1961ರ ಡಿಸೆಂಬರ್‌ನಲ್ಲಿ ಗೋವಾ ಸ್ವತಂತ್ರವಾಯಿತು. ಮನೆಯಲ್ಲಿ ಇರುವವರು ಬದಲಾದರು, ಮನೆ ಅದೇ ಉಳಿಯಿತು.

ಮಠವನ್ನು ಅರಮನೆ ಮಾಡುವುದು ಆ ಕಾಲದ ಪಶ್ಚಿಮ ಕರಾವಳಿಯಲ್ಲಿ ಅಪರೂಪವೇನಲ್ಲ. ಮುಂಬೈಯ ಪರೇಲ್‌ನಲ್ಲಿ ಬ್ರಿಟಿಷ್ ಗವರ್ನರ್‌ಗಳು ಇದ್ದ ಬಂಗಲೆ ಕೂಡ ಮೊದಲು ಪಾದ್ರಿಗಳ ಆಸ್ತಿಯೇ. ಈಗ ಅಲ್ಲಿ ಹಾಫ್‌ಕಿನ್ ಸಂಸ್ಥೆ ಇದೆ. ಸನ್ಯಾಸಿಗಳು ಜಾಗ ಆರಿಸುವುದರಲ್ಲಿ ಹುಷಾರು. ಗಾಳಿ, ಬಾವಿ, ಎತ್ತರದ ನೆಲ ಮೂರೂ ನೋಡಿಯೇ ಕೂರುತ್ತಿದ್ದರು. ಅಧಿಕಾರಿಗಳು ಹಿಂದಿನಿಂದ ಬಂದು ಸುಮ್ನೆ ಅದನ್ನೇ ತಗೊಂಡರು, ಅಷ್ಟೇ.

ದೋನಾ ಪಾವ್ಲಾ ಎಂಬ ಹೆಂಗಸು ಪ್ರೇಮಕ್ಕಾಗಿ ಇಲ್ಲಿನ ಬಂಡೆಯಿಂದ ಕಡಲಿಗೆ ಹಾರಿದಳು ಅಂತ ಟ್ಯಾಕ್ಸಿಯವರು ಕಥೆ ಹೇಳುತ್ತಾರೆ. ಅದು ಕಥೆ ಮಾತ್ರ. ಆಕೆ 17ನೇ ಶತಮಾನದ ಒಬ್ಬ ದೊಡ್ಡ ಮನೆತನದ ಹೆಂಗಸು. ಆಕೆಯ ಸಮಾಧಿ ಕಲ್ಲು ಇರುವುದು ಇದೇ ಕಾಬೊ ಚಾಪೆಲ್ ಒಳಗೆ.

ಕಲ್ಲು, ಸುಣ್ಣ, ಉಪ್ಪು

ಇಲ್ಲಿನ ಕಲ್ಲು ನಮಗೆ ಹೊಸದಲ್ಲ. ಉತ್ತರ ಕನ್ನಡದಲ್ಲಿ ಚಿರೆಕಲ್ಲು, ಮಂಗಳೂರು ಕಡೆ ಮುರಕಲ್ಲು. ನೆಲದಿಂದ ಕಡಿಯುವಾಗ ಮೆತ್ತಗಿರುತ್ತದೆ, ಕೊಡಲಿಗೂ ಬಗ್ಗುತ್ತದೆ. ಗಾಳಿಗೆ ಬಿಟ್ಟರೆ ಗಟ್ಟಿಯಾಗುತ್ತದೆ. 1800ರ ಸುಮಾರಿಗೆ ಮೈಸೂರು, ಕೆನರಾ, ಮಲಬಾರ್ ಸುತ್ತಿದ ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕನನ್ ಈ ಗುಣವನ್ನೇ ನೋಡಿ, 1807ರಲ್ಲಿ ಪ್ರಕಟಿಸಿದ ತನ್ನ ವರದಿಯಲ್ಲಿ ಇದಕ್ಕೆ ಲ್ಯಾಟರೈಟ್ ಅಂತ ಹೆಸರಿಟ್ಟ. ಈಗ ಜಗತ್ತೇ ಆ ಹೆಸರು ಬಳಸುತ್ತದೆ.

ಈ ಕಲ್ಲಿಗೆ ಮೈತುಂಬ ತೂತು. ಮಳೆ ಬಂದರೆ ನೀರು ಕುಡಿಯುತ್ತದೆ, ಬಿಸಿಲು ಬಂದರೆ ಬಿಡುತ್ತದೆ. ಬರೀ ನೀರಾದರೆ ಚಿಂತೆಯಿಲ್ಲ. ಕಡಲಂಚಿನಲ್ಲಿ ನೀರಿನ ಜೊತೆ ಉಪ್ಪೂ ಒಳಗೆ ಹೋಗುತ್ತದೆ. ಗಾಳಿಯ ತೇವಾಂಶ ಸುಮಾರು 75 ಶೇಕಡಾ ದಾಟಿದರೆ ಅಡುಗೆ ಉಪ್ಪು ತಾನಾಗಿ ನೀರು ಎಳೆದುಕೊಂಡು ಕರಗುತ್ತದೆ. ಅದಕ್ಕಿಂತ ಕೆಳಗೆ ಇಳಿದರೆ ಮತ್ತೆ ಹರಳಾಗುತ್ತದೆ. ಕರಾವಳಿಯ ತೇವಾಂಶ ಈ ಗೆರೆಯ ಮೇಲೆ ಕೆಳಗೆ ಆಡುತ್ತಲೇ ಇರುತ್ತದೆ. ರಾತ್ರಿ ಕರಗಿ, ಮಧ್ಯಾಹ್ನ ಹರಳಾಗಿ, ಮತ್ತೆ ರಾತ್ರಿ ಕರಗಿ. ಪ್ರತಿ ಸಲ ಹರಳಾಗುವಾಗ ಕಲ್ಲಿನ ತೂತಿನೊಳಗೆ ಒತ್ತುತ್ತದೆ. ಕೆಲವು ವರ್ಷದಲ್ಲಿ ಕಲ್ಲಿನ ಮೈ ಪುಡಿಪುಡಿಯಾಗಿ ಉದುರುತ್ತದೆ. ಸಮುದ್ರದಲ್ಲಿ ಮುಳುಗಿದ ಕಲ್ಲಿಗಿಂತ ದಡದ ಮೇಲಿನ ಗೋಡೆ ಬೇಗ ಕೆಡುವುದು ಇದಕ್ಕೇ. ಮುಳುಗಿದ್ದರಲ್ಲಿ ಒಣಗುವ ಪ್ರಶ್ನೆಯೇ ಇಲ್ಲ, ಅಲ್ವಾ?

ಅದಕ್ಕೆ ಹಳಬರು ಕಲ್ಲನ್ನು ಬರಿ ಮೈಯಲ್ಲಿ ಬಿಡುತ್ತಿರಲಿಲ್ಲ. ಮೇಲೆ ಸುಣ್ಣದ ಗಾರೆ, ಅದರ ಮೇಲೆ ಸುಣ್ಣ. ಸುಣ್ಣ ಮಾಡುವುದು ಕಡಲ ಚಿಪ್ಪು ಸುಟ್ಟು. ಗಾರೆಯೂ ತೂತಿನದ್ದೇ. ಹೊರಗಿನ ಹೊಡೆತವನ್ನು ಅದು ತಾನು ತಗೊಳ್ಳುತ್ತದೆ, ಒಳಗಿನ ಕಲ್ಲಿನಿಂದ ಬಂದ ತೇವವನ್ನು ಹೊರಗೆ ಬಿಡುತ್ತದೆ. ಉಪ್ಪು ಕಲ್ಲಿನಲ್ಲಿ ಹರಳಾಗುವ ಬದಲು ಗಾರೆಯಲ್ಲಿ ಹರಳಾಗುತ್ತದೆ. ಗಾರೆ ಉದುರಿದರೆ ಮತ್ತೆ ಬಳಿಯಬಹುದು. ಅಂದರೆ ಗಾರೆ ಇರುವುದೇ ಹಾಳಾಗಲಿಕ್ಕೆ. ಮಳೆಗಾಲ ಮುಗಿದ ಮೇಲೆ ಸುಣ್ಣ ಬಳಿಯುವ ಪದ್ಧತಿ ಬರೀ ಹಬ್ಬದ ಸಂಭ್ರಮಕ್ಕೆ ಬಂದದ್ದಲ್ಲ.

ಗೋವಾದಲ್ಲಿ ಗೌಂಡಿ ಕೆಲಸ ಮಾಡುವವರಲ್ಲಿ ನಮ್ಮ ಬಾಗಲಕೋಟೆ, ವಿಜಯಪುರ, ಗದಗ ಕಡೆಯವರು ಜಾಸ್ತಿ. ವಾಸ್ಕೊ, ಜುವಾರಿನಗರ, ಬಾಯ್ನಾದಲ್ಲಿ ಬೀದಿಯಲ್ಲಿ ನಿಂತರೆ ಕನ್ನಡ ಕಿವಿಗೆ ಬೀಳುತ್ತದೆ. ಹಳೆ ಮನೆ ರಿಪೇರಿ ನಡೆಯುತ್ತಿದ್ದ ಕಡೆ ಒಬ್ಬ ಹಿರಿಯ ಗೌಂಡಿ ಹೇಳಿದ ಮಾತು ನನಗೆ ಯಾವ ಎಂಜಿನಿಯರ್ ಹೇಳಿದ್ದಕ್ಕಿಂತ ಚೆನ್ನಾಗಿ ನಾಟಿದೆ: "ಸರ, ಇಂಥಾ ಗ್ವಾಡಿಗಿ ಸಿಮೆಂಟ್ ಗಿಲಾಯಿ ಮಾಡಿದ್ರ ಬೆವರೂದ ಬಂದ್ ಆಗ್ತೈತ್ರಿ. ಮಣ್ಣಿನ ಕೊಡಕ್ಕ ಪೇಂಟ್ ಬಳದಂಗ." ಅದೇ ಸರಿ. ಸಿಮೆಂಟ್ ಗಟ್ಟಿ. ತೇವ ಒಳಗೇ ಸಿಕ್ಕಿಕೊಳ್ಳುತ್ತದೆ. ಸಿಮೆಂಟ್ ಚೆನ್ನಾಗಿಯೇ ಕಾಣುತ್ತದೆ, ಹಿಂದೆ ಕಲ್ಲು ಕರಗುತ್ತಿರುತ್ತದೆ. ಒಂದು ದಿನ ಹಲಗೆಯಂತೆ ಇಡೀ ಪದರ ಕಳಚಿ ಬೀಳುತ್ತದೆ.

ಇದಕ್ಕೆ ದೊಡ್ಡ ಉದಾಹರಣೆ ಹಳೆ ಗೋವಾದಲ್ಲಿದೆ. ಬೋಮ್ ಜೀಸಸ್ ಬೆಸಿಲಿಕಾದ ಕೆಂಪು ಕಲ್ಲಿನ ಮುಖ ನೋಡಿ ನಾವೆಲ್ಲ 'ಆಹಾ, ಎಂಥ ಪುರಾತನ' ಅನ್ನುತ್ತೇವೆ. ಕಾಬೊ ಮಠ ಶುರುವಾದ 1594ರಲ್ಲೇ ಅದಕ್ಕೂ ಅಡಿಗಲ್ಲು ಬಿತ್ತು, 1605ರಲ್ಲಿ ಮುಗಿಯಿತು. ಕಟ್ಟಿದವರು ಅದಕ್ಕೆ ಗಾರೆ ಮಾಡಿದ್ದರು. 1950ರ ದಶಕದಲ್ಲಿ ಪೋರ್ಚುಗೀಸ್ ವಾಸ್ತುಶಿಲ್ಪಿ ಬಾಲ್ತಜಾರ್ ಕಾಸ್ಟ್ರೊ ನೇತೃತ್ವದಲ್ಲಿ, ಕಟ್ಟಡ ಇನ್ನಷ್ಟು ಹಳೆಯದಾಗಿ ಕಾಣಲಿ ಅಂತ, ಆ ಗಾರೆ ಕಿತ್ತು ಹಾಕಿದರು. ಅಂದಿನಿಂದ ಮಳೆ ನೇರ ಕಲ್ಲಿಗೆ ಬೀಳುತ್ತಿದೆ, ಕಲ್ಲು ಸವೆಯುತ್ತಿದೆ. ಮತ್ತೆ ಗಾರೆ ಮಾಡಬೇಕೋ ಬೇಡವೋ ಎಂಬ ಜಗಳ ಇನ್ನೂ ನಿಂತಿಲ್ಲ. ನನ್ನ ಕೇಳಿದರೆ, ಮಾಡಲೇಬೇಕು. ಜನ ಇಷ್ಟಪಡುವ ಆ ಕೆಂಪು ಬಣ್ಣ ಚರ್ಮ ಸುಲಿದ ಮೈಯ ಬಣ್ಣ.

ಇನ್ನು ಕಬ್ಬಿಣ. ಹಳೆ ಮನೆಗಳಲ್ಲಿ ಗೋಡೆಯೊಳಗೆ ಕಬ್ಬಿಣ ಹಾಕುತ್ತಿದ್ದದ್ದು ಕಮ್ಮಿ. ಮರ, ಹಿತ್ತಾಳೆ, ಕಲ್ಲಿನ ಕಮಾನು, ಇಷ್ಟರಲ್ಲೇ ಕೆಲಸ ಮುಗಿಸುತ್ತಿದ್ದರು. ಕಬ್ಬಿಣ ತುಕ್ಕು ಹಿಡಿದರೆ ಎರಡರಿಂದ ಆರು ಪಟ್ಟು ಉಬ್ಬುತ್ತದೆ. ಉಬ್ಬಿದ ಸರಳು ತನ್ನ ಸುತ್ತಲಿನ ಕಾಂಕ್ರೀಟನ್ನೇ ಸೀಳುತ್ತದೆ. ಕಡಲೆದುರಿನ ಎಷ್ಟೋ ಫ್ಲಾಟ್‌ಗಳ ಬಾಲ್ಕನಿ ಕೆಳಗೆ ಕಾಣುವ ಕಂದು ಬಣ್ಣದ ಸರಳುಗಳ ಕಥೆ ಇದೇ.

ಪಶ್ಚಿಮಕ್ಕೆ ಎಷ್ಟು ಪದರ

ಈಗ ಮೊದಲಿನ ತಕರಾರಿಗೆ ಬರೋಣ. ಗಾಳಿ ಬೇಕು, ಬಿಸಿಲು ಬೇಡ, ಮಳೆ ಬೇಡ. ಒಂದೇ ಗೋಡೆ ಇದನ್ನು ಮಾಡಲಾರದು. ಹಳಬರು ಕೆಲಸ ಹಂಚಿದರು. ಒಂದು ಪದರ ಬಿಸಿಲು ತಡೆಯಲಿ, ಇನ್ನೊಂದು ಮಳೆ, ಮತ್ತೊಂದು ಬೆಳಕನ್ನು ಹದ ಮಾಡಲಿ. ಹೊರಗಿನಿಂದ ಒಳಗೆ ಬರುತ್ತ ಎಣಿಸಿದರೆ: ಮರಗಳು, ಅಂಗಳ, ಮಾಡಿನ ಚಾಚು, ವರಾಂಡ, ಮರದ ಕದ, ಚಿಪ್ಪಿನ ಕಿಟಕಿ, ಕೊನೆಗೆ ಕೋಣೆ.

ಕಾಬೊದ ಅರಮನೆಗೆ ಕಡಲ ಕಡೆಗೆ ಉದ್ದನೆಯ ವರಾಂಡ ಇದೆ. ಅದನ್ನು ಬರೀ ಸಂಜೆ ಚಹಾ ಕುಡಿಯುವ ಜಾಗ ಅಂದುಕೊಳ್ಳಬೇಡಿ. ಅದು ಒಳಕೋಣೆಯ ಗೋಡೆಗೆ ಹಾಕಿದ ನೆರಳು. ಸೂರ್ಯನ ಲೆಕ್ಕ ನೋಡಿ. ಗೋವಾ ಇರುವುದು ಭೂಮಧ್ಯ ರೇಖೆಯಿಂದ ಸುಮಾರು ಹದಿನೈದೂವರೆ ಡಿಗ್ರಿ ಉತ್ತರಕ್ಕೆ. ಮೇ ಆರಂಭದಲ್ಲಿ ಒಮ್ಮೆ, ಆಗಸ್ಟ್ ಎರಡನೇ ವಾರದ ಹೊತ್ತಿಗೆ ಇನ್ನೊಮ್ಮೆ, ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ನಿಲ್ಲುತ್ತಾನೆ. ಡಿಸೆಂಬರ್‌ನಲ್ಲಿ ಕೂಡ ಮಧ್ಯಾಹ್ನ 50 ಡಿಗ್ರಿ ಎತ್ತರ ಬಿಟ್ಟು ಇಳಿಯುವುದಿಲ್ಲ. ಹಾಗಾಗಿ ದಕ್ಷಿಣದ ಗೋಡೆಗೆ ಸಣ್ಣ ಚಾಚು ಸಾಕು. ಪಶ್ಚಿಮಕ್ಕೆ ಸಾಲದು. ನಾಲ್ಕು ಗಂಟೆ ಮೇಲೆ ಸೂರ್ಯ ಎಷ್ಟು ಕೆಳಗಿರುತ್ತಾನೆ ಅಂದರೆ, ಎರಡಡಿಯ ಸಜ್ಜೆ ಏನನ್ನೂ ತಡೆಯುವುದಿಲ್ಲ. ಆಳವಾದ ವರಾಂಡ ಬೇಕು, ಅದರ ಮುಂದೆ ಮರ ಬೇಕು. ಎರಡೂ ಇದ್ದರೆ ಮಾತ್ರ ಒಳಗೋಡೆ ತಣ್ಣಗಿರುತ್ತದೆ.

ಗೋವಾದ ಮನೆಗಳ ಮುಂದೆ ಬಾಲ್ಕಾಂವ್ ಅಂತ ಇರುತ್ತದೆ. ಮೆಟ್ಟಿಲು ಹತ್ತಿದ ಕೂಡಲೇ ಎರಡು ಕಡೆ ಕಲ್ಲಿನ ಆಸನ, ಮೇಲೆ ಪುಟ್ಟ ಮಾಡು. ನಮ್ಮ ಜಗಲಿಯ ಸಂಬಂಧಿ. ಅದರ ಕೆಲಸ ಬೇರೆ. ಅದು ಬೀದಿಗೆ ಮುಖ ಮಾಡಿದ್ದು, ಹೋಗಿಬರುವವರ ಜೊತೆ ಹರಟೆಗೆ. ಕಡಲ ವರಾಂಡಕ್ಕೂ ಇದಕ್ಕೂ ಗಲಿಬಿಲಿ ಮಾಡಿಕೊಳ್ಳಬಾರದು. ಒಂದು ಜನರಿಗಾಗಿ, ಇನ್ನೊಂದು ಹವೆಗಾಗಿ.

ಮಾಡಿನ ಕಥೆಯಲ್ಲಿ ನಮ್ಮ ಊರಿನವರ ಪಾಲಿದೆ. ಮೊದಲು ಇಲ್ಲಿ ಇದ್ದದ್ದು ಕೈಯಲ್ಲಿ ಮಾಡಿದ ಅರ್ಧ ಕೊಳವೆಯಂಥ ನಾಡಹಂಚು. 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಯಂತ್ರದ ಹಂಚಿನ ಕಾರ್ಖಾನೆ ಶುರು ಮಾಡಿದರು. ಒಂದಕ್ಕೊಂದು ಕಚ್ಚಿಕೊಂಡು ಕೂರುವ ಆ ಚಪ್ಪಟೆ ಹಂಚು ಹಡಗು ಹತ್ತಿ ಗೋವಾಕ್ಕೆ, ಮುಂಬೈಗೆ, ಇನ್ನೂ ದೂರಕ್ಕೆ ಹೋಯಿತು. ಇವತ್ತು ಗೋವಾದ ಪ್ರವಾಸಿ ಪೋಸ್ಟರ್‌ಗಳಲ್ಲಿ 'ಪೋರ್ಚುಗೀಸ್ ಮನೆ' ಅಂತ ತೋರಿಸುವ ಕೆಂಪು ಮಾಡಿನಲ್ಲಿ ಎಷ್ಟೋ ನೇತ್ರಾವತಿ ದಡದ ಮಣ್ಣಿನದ್ದೇ.

ಆ ಹಂಚು ಯಾಕೆ ಗೆದ್ದಿತು? ಕಡಿದಾದ ಇಳಿಜಾರಿನಲ್ಲಿ ನೀರು ನಿಲ್ಲದೆ ಓಡುತ್ತದೆ. ಕಚ್ಚಿಕೊಂಡ ಕಾರಣ ಗಾಳಿಗೆ ಸುಲಭಕ್ಕೆ ಏಳುವುದಿಲ್ಲ. ಆದರೂ ಸಂದಿಯಲ್ಲಿ ಸ್ವಲ್ಪ ಗಾಳಿ ಆಡುತ್ತದೆ, ಮಾಡಿನ ಕೆಳಗೆ ಸೇರಿದ ಬಿಸಿ ಗಾಳಿ ಅಲ್ಲಿಂದ ಹೊರಹೋಗುತ್ತದೆ. ಅದಕ್ಕೇ ಹಂಚಿನ ಕೆಳಗೆ ಮರದ ತಾರಸಿ ಹಾಕಿದ ಎತ್ತರದ ಕೋಣೆ ಇಷ್ಟು ತಂಪು. ಒಂದು ಹಂಚು ಒಡೆದರೆ ಅದೊಂದನ್ನೇ ಬದಲಿಸಿದರೆ ಆಯಿತು. ಮೇ ತಿಂಗಳಲ್ಲಿ ಹಂಚು ಕೈಯಾಡಿಸುವ ಕೆಲಸ ಕುಮಟಾದಲ್ಲೂ ಅದೇ, ಮಡಗಾಂವ್‌ನಲ್ಲೂ ಅದೇ.

ಕಿಟಕಿ ಮಾತ್ರ ಗೋವಾದ್ದೇ ವಿಶೇಷ. ಗಾಜು ದುಬಾರಿ ಇದ್ದ ಕಾಲದಲ್ಲಿ ಇಲ್ಲಿನವರು ಒಂದು ಜಾತಿಯ ಕಡಲ ಚಿಪ್ಪನ್ನು ಚೌಕಾಕಾರಕ್ಕೆ ಕತ್ತರಿಸಿ, ಮರದ ಪಟ್ಟಿಗಳ ನಡುವೆ ತೂರಿಸಿ, ಕಿಟಕಿ ಮಾಡುತ್ತಿದ್ದರು. ಚಿಪ್ಪು ತೆಳು, ಚಪ್ಪಟೆ, ಹಾಲಿನ ಬಣ್ಣ. ಆಚೆಯದು ಕಾಣುವುದಿಲ್ಲ, ಬೆಳಕು ಮಾತ್ರ ಬರುತ್ತದೆ. ಕಡಲ ಮೇಲಿನ ಬಿಸಿಲು ಕಣ್ಣು ಚುಚ್ಚುತ್ತದಲ್ಲ, ಅದನ್ನು ಈ ಚಿಪ್ಪು ಮೆತ್ತಗೆ ಮಾಡಿ ಒಳಗೆ ಬಿಡುತ್ತದೆ. ಉಪ್ಪಿನಲ್ಲೇ ಹುಟ್ಟಿದ ವಸ್ತು, ಉಪ್ಪಿಗೆ ಹೆದರುವುದಿಲ್ಲ. ಬಿರುಮಳೆಯ ದಿನ ಕಿಟಕಿ ಮುಚ್ಚಿದರೂ ಕೋಣೆ ಕತ್ತಲಾಗುವುದಿಲ್ಲ. ಜುವಾರಿ ನದಿಯ ಆಚೆ ದಡದಲ್ಲಿ, ಚಿಕಾಲಿಂ ಕೊಲ್ಲಿಯಲ್ಲಿ, ಈ ಚಿಪ್ಪಿನ ಜೀವಿ ಈಗಲೂ ಬದುಕಿದೆ. ಕಾನೂನಿನ ರಕ್ಷಣೆ ಇದೆ, ಕಂಡಕಂಡವರು ತೆಗೆಯುವ ಹಾಗಿಲ್ಲ. ಹಾಗಾಗಿ ಹಳೆಯ ಚಿಪ್ಪಿನ ಕಿಟಕಿ ಒಡೆದರೆ ಸರಿ ಮಾಡಿಸುವುದು ತಲೆನೋವಿನ ಕೆಲಸ. ಅನೇಕರು ಗಾಜು ಹಾಕಿ ಕೈ ತೊಳೆದುಕೊಂಡಿದ್ದಾರೆ.

ಮನೆಯ ಪಂಚಾಂಗ, ಅಂದರೆ ಗೋಡೆಯ ಕೆಳಗಿನ ಕಲ್ಲಿನ ಕಟ್ಟೆ, ಎತ್ತರ ಇರುವುದನ್ನೂ ಗಮನಿಸಿ. ಮಳೆಯ ನೀರು ನೆಲಕ್ಕೆ ಬಡಿದು ಚಿಮ್ಮುವ ಎತ್ತರಕ್ಕಿಂತ ಗೋಡೆ ಮೇಲಿರಬೇಕು ಎಂಬುದು ಲೆಕ್ಕ. ಮಠದ ಕಾಲದ ಒಳಾಂಗಣಗಳೂ ಹೀಗೇ ಲೆಕ್ಕಾಚಾರದವು. ಯುರೋಪಿನ ಮಠದಲ್ಲಿ ಸುತ್ತು ಕಂಬಸಾಲು, ನಡುವೆ ಅಂಗಳ ಇರುತ್ತದೆ. ಗೋವಾದ ಹಿಂದೂ ಮನೆಗಳಲ್ಲಿ ರಾಜಾಂಗಣ, ನಮ್ಮಲ್ಲಿ ತೊಟ್ಟಿ ಮನೆ. ಮೂರೂ ಬೇರೆ ಬೇರೆ ಕಡೆ ಹುಟ್ಟಿದವು. ಇಲ್ಲಿ ಮೂರೂ ಮಾಡುವುದು ಒಂದೇ ಕೆಲಸ: ಹೊರಗಿನ ಬಿರುಗಾಳಿ ಒಳಗೆ ಬರದ ಹಾಗೆ, ಬೆಳಕೂ ಗಾಳಿಯೂ ಮಾತ್ರ ಮೇಲಿನಿಂದ ಇಳಿಯುವ ಹಾಗೆ.

ತೋಟ ಎಂಬ ಮೊದಲ ಗೋಡೆ

ಗಾಳಿ ತಡೆಯಲು ಕಲ್ಲಿನ ಗೋಡೆ ಕಟ್ಟಿದರೆ ಸಾಕಲ್ವಾ ಅಂತ ಕೇಳಬಹುದು. ಸಾಕಾಗುವುದಿಲ್ಲ. ಗಟ್ಟಿ ಗೋಡೆಗೆ ಬಡಿದ ಗಾಳಿ ಮೇಲೆ ಹಾರಿ, ಆಚೆಗೆ ಸುಳಿಯಾಗಿ ಬೀಳುತ್ತದೆ. ಗೋಡೆಯ ಹಿಂದೆಯೇ ಹೊಡೆತ ಜೋರಾಗುತ್ತದೆ. ಮರಗಳ ಸಾಲು ಹಾಗಲ್ಲ. ಅರ್ಧದಷ್ಟು ಗಾಳಿಯನ್ನು ಎಲೆಗಳ ಸಂದಿಯಿಂದ ಬಿಡುತ್ತದೆ, ಉಳಿದದ್ದರ ಸೊಕ್ಕು ಮುರಿಯುತ್ತದೆ. ಒಳ್ಳೆಯ ಮರದ ಸಾಲು ತನ್ನ ಎತ್ತರದ ಹತ್ತು ಪಟ್ಟು ದೂರದವರೆಗೆ ಗಾಳಿಯ ವೇಗ ತಗ್ಗಿಸುತ್ತದೆ. 10 ಮೀಟರ್ ಎತ್ತರದ ಮರವಿದ್ದರೆ 100 ಮೀಟರ್ ಹಿಂದಿನ ಮನೆಗೂ ಅದರ ಲಾಭ. ಇನ್ನೊಂದು ಕೆಲಸವೂ ಇದೆ. ಗಾಳಿಯಲ್ಲಿ ಬರುವ ಉಪ್ಪಿನ ಹನಿಗಳು ಮೊದಲು ಸಿಕ್ಕ ಎಲೆಗೆ ಅಂಟುತ್ತವೆ. ಮಳೆ ಬಂದಾಗ ತೊಳೆದುಹೋಗುತ್ತವೆ. ಎಲೆ ಸುಟ್ಟರೆ ಹೊಸ ಎಲೆ ಬರುತ್ತದೆ. ಮುಂದೆ ನಿಂತು ಪೆಟ್ಟು ತಿನ್ನುವುದು ಮರದ ಪಾಲು, ಹಿಂದೆ ಗಾರೆಯ ಪಾಲು.

ಅದಕ್ಕೆ ಕಡಲಂಚಿನ ತೋಟಕ್ಕೆ ಒಂದು ಕ್ರಮ ಇರುತ್ತದೆ. ದಡಕ್ಕೆ ಹತ್ತಿರ ನೆಲಕ್ಕೇ ಹಬ್ಬುವ ಬಳ್ಳಿಗಳು, ಕೇದಗೆಯಂಥ ಮುಳ್ಳು ಪೊದೆ. ಅದರ ಹಿಂದೆ ಸುರಹೊನ್ನೆ, ಹೊಂಗೆಯಂಥ ದಪ್ಪ ಎಲೆಯ ಮರ. ಸುರಹೊನ್ನೆಯ ಎಲೆ ಮುಟ್ಟಿ ನೋಡಿ, ಮೇಣ ಬಳಿದ ಹಾಗೆ ನುಣುಪು. ಉಪ್ಪು ಒಳಗೆ ಇಳಿಯುವುದಿಲ್ಲ. ಇನ್ನೂ ಹಿಂದೆ ಮಾವು, ಹಲಸು. ಗಾಳಿಯ ಮುಂದೆ ಮಾವು ಇಟ್ಟರೆ ಹೂವು ನಿಲ್ಲುವುದಿಲ್ಲ, ಹಿಂದೆ ಇಟ್ಟರೆ ಮಾನ್ಕುರಾದ್ ಹಣ್ಣು ಬರುತ್ತದೆ.

ತೆಂಗಿನದ್ದು ಇನ್ನೊಂದು ಜಾಣತನ. ಎಲೆಯೆಲ್ಲ ಮೇಲೆ, ಕೆಳಗೆ ಬರೀ ಕಂಬ. ನೆರಳೂ ಸಿಕ್ಕಿತು, ಆಳೆತ್ತರದಲ್ಲಿ ಗಾಳಿಯೂ ತಡೆಯಿಲ್ಲದೆ ಬಂತು. ಪಶ್ಚಿಮದ ವರಾಂಡದ ಎದುರಿಗೆ ದಟ್ಟ ಪೊದೆ ಬೆಳೆಸಿದರೆ ಏಪ್ರಿಲ್‌ನಲ್ಲಿ ಉಸಿರು ಕಟ್ಟುತ್ತದೆ. ಅಲ್ಲಿ ಬೇಕಾದದ್ದು ಎತ್ತರದ ಕಾಂಡದ ಮರ. ದಟ್ಟ ಪೊದೆ ಇರಬೇಕಾದದ್ದು ಇಳಿಜಾರಿನ ಅಂಚಿನಲ್ಲಿ, ನೋಟಕ್ಕಿಂತ ಕೆಳಗೆ. ಮನೆಗೂ ಮೊದಲ ದೊಡ್ಡ ಮರಕ್ಕೂ ನಡುವೆ ಸ್ವಲ್ಪ ಬಯಲು ಬಿಡಬೇಕು. ಇಲ್ಲದಿದ್ದರೆ ಹಂಚಿನ ಸಂದಿಯಲ್ಲಿ ಎಲೆ ತುಂಬುತ್ತದೆ, ಗೋಡೆ ಒಣಗುವುದಿಲ್ಲ, ಬಿರುಗಾಳಿಗೆ ಕೊಂಬೆ ಮಾಡಿನ ಮೇಲೆ ಬೀಳುತ್ತದೆ.

ಇಂಥ ತೋಟಗಳಲ್ಲಿ ಇವತ್ತು ಕಾಣುವ ಗಿಡಗಳಲ್ಲಿ ಅರ್ಧದಷ್ಟು ನಮ್ಮವಲ್ಲ. ಗೇರು ಬಂದದ್ದು ಬ್ರೆಜಿಲ್‌ನಿಂದ, 16ನೇ ಶತಮಾನದಲ್ಲಿ, ಪೋರ್ಚುಗೀಸರ ಹಡಗಿನಲ್ಲಿ. ಕಲ್ಲು ಗುಡ್ಡದ ಇಳಿಜಾರಿನಲ್ಲಿ ಮಣ್ಣು ಹಿಡಿಯಲು ಅದಕ್ಕಿಂತ ಒಳ್ಳೆಯದು ಸಿಗದು. ದೇವಕಣಗಿಲೆ ಅಮೆರಿಕದ ಉಷ್ಣವಲಯದ್ದು. ಈಗ ನಮ್ಮ ಗುಡಿಗಳ ಮುಂದೆಯೂ ಇದೆ, ಇಲ್ಲಿನ ಚಾಪೆಲ್‌ಗಳ ಮುಂದೆಯೂ ಇದೆ. ಗಾಳಿಮರ ಪೂರ್ವದ ದ್ವೀಪಗಳ ಕಡೆಯದು. 1868ರಲ್ಲಿ ಅದನ್ನು ನೆಟ್ಟು ನೋಡಿದ್ದು ನಮ್ಮ ಕಾರವಾರದಲ್ಲಿ. ಆಮೇಲೆ ಇಡೀ ಕರಾವಳಿಗೆ ಹಬ್ಬಿತು.

ಗಿಡಗಳ ಈ ಓಡಾಟದಲ್ಲಿ ಒಂದು ದೊಡ್ಡ ಹೆಸರು ಗಾರ್ಸಿಯಾ ದ ಓರ್ತಾ. 1534ರಲ್ಲಿ ಗೋವಾಕ್ಕೆ ಬಂದ ವೈದ್ಯ. ಇಲ್ಲಿನ ಔಷಧಿ ಗಿಡಗಳನ್ನು ಬೆಳೆಸಿ, ನಮ್ಮ ವೈದ್ಯರನ್ನು ಕೇಳಿ ತಿಳಿದು ಬರೆದವನು. ಮುಂಬೈ ದ್ವೀಪವನ್ನೇ ಗುತ್ತಿಗೆ ಪಡೆದು ಅಲ್ಲೂ ಮನೆ, ತೋಟ ಮಾಡಿದ್ದ. ಸತ್ತ ಮೇಲೆ, ಗುಟ್ಟಾಗಿ ಯಹೂದಿ ಧರ್ಮ ಪಾಲಿಸಿದ ಅಂತ ಹೇಳಿ, 1580ರಲ್ಲಿ ಅವನ ಮೂಳೆ ಅಗೆದು ಸುಟ್ಟರು. ಈಗ ಪಣಜಿಯ ಊರ ನಡುವಿನ ತೋಟಕ್ಕೆ ಅವನದೇ ಹೆಸರು.

ಕಾಗದದ ಹೂವಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಹಳೆ ಪೋರ್ಚುಗೀಸ್ ಮನೆ ಅಂದ ಕೂಡಲೇ ಗೋಡೆ ಮೇಲೆ ಬೋಗನ್‌ವಿಲ್ಲಾ ಬಳ್ಳಿ ಇಳಿಬಿಟ್ಟ ಚಿತ್ರ ಕಣ್ಣಿಗೆ ಬರುತ್ತದೆ. ಆದರೆ ಯುರೋಪಿನವರು ಆ ಬಳ್ಳಿಯನ್ನು ಬ್ರೆಜಿಲ್‌ನಲ್ಲಿ ಗುರುತಿಸಿದ್ದೇ 1760ರ ದಶಕದಲ್ಲಿ. ಕಾಬೊದ ಸನ್ಯಾಸಿಗಳು ಮಠ ಕಟ್ಟಿ ಆಗ ನೂರೆಪ್ಪತ್ತು ವರ್ಷ ದಾಟಿತ್ತು. ಮಠದ ತೋಟ ಅಂದರೆ ಸಾಮಾನ್ಯವಾಗಿ ತರಕಾರಿ, ಹಣ್ಣು, ಔಷಧಿ ಗಿಡ, ತೆಂಗು. ಹೊಟ್ಟೆಗೆ, ರೋಗಕ್ಕೆ, ದೇವರಿಗೆ. ಹೂವಿನ ಮಡಿ, ಹುಲ್ಲುಹಾಸು ಎಲ್ಲ ಗವರ್ನರ್‌ಗಳ ಕಾಲದ ಶೋಕಿ.

ಹುಲ್ಲುಹಾಸಿನ ಮೇಲೆ ನನಗೆ ಸ್ವಲ್ಪ ಸಿಟ್ಟಿದೆ. ಚಿರೆಕಲ್ಲಿನ ಗುಡ್ಡದ ಮೇಲೆ ಅಂಗೈ ದಪ್ಪ ಮಣ್ಣಿರುತ್ತದೆ. ಮಳೆಗಾಲದಲ್ಲಿ ಅಲ್ಲಿ ಹುಲ್ಲು ತಾನಾಗಿ ಬರುತ್ತದೆ, ಜನವರಿಗೆ ಒಣಗುತ್ತದೆ. ಅದು ಅಲ್ಲಿಯ ಸ್ವಭಾವ. ಅದನ್ನು ಮೇ ತಿಂಗಳಲ್ಲೂ ಹಸಿರಾಗಿ ಇಡುತ್ತೇನೆ ಅಂದರೆ ದಿನಾ ನೀರು ಸುರಿಯಬೇಕು. ಆ ನೀರು ಬರುವುದು ಎಲ್ಲಿಂದ?

ಇಲ್ಲಿ ನೆಲದೊಳಗಿನ ಲೆಕ್ಕ ತಿಳಿದಿರಬೇಕು. ಕಡಲ ಪಕ್ಕದ ಬಾವಿಯಲ್ಲಿ ಸಿಹಿನೀರು ಹೇಗೆ ಅಂತ ಎಲ್ಲರಿಗೂ ಆಶ್ಚರ್ಯ. ಸಿಹಿನೀರು ಉಪ್ಪು ನೀರಿಗಿಂತ ಹಗುರ. ಮಳೆ ಇಂಗಿ ಇಳಿದ ಸಿಹಿನೀರು ಕೆಳಗಿನ ಉಪ್ಪು ನೀರಿನ ಮೇಲೆ ತೇಲುತ್ತದೆ. ಕಡಲ ಮಟ್ಟಕ್ಕಿಂತ ಒಂದು ಮೀಟರ್ ಮೇಲೆ ಸಿಹಿನೀರು ನಿಂತಿದ್ದರೆ, ಕೆಳಗೆ ಸುಮಾರು 40 ಮೀಟರ್‌ವರೆಗೆ ಸಿಹಿಯೇ ಇರುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಲೆಕ್ಕ ಉಲ್ಟಾ ಕೂಡ ಹೋಗುತ್ತದೆ. ಪಂಪ್ ಹಾಕಿ ಒಂದು ಮೀಟರ್ ಇಳಿಸಿದರೆ ಕೆಳಗಿನಿಂದ ಉಪ್ಪು 40 ಮೀಟರ್ ಮೇಲೇರಲು ದಾರಿ ಸಿಗುತ್ತದೆ. ಒಮ್ಮೆ ಉಪ್ಪಾದ ಬಾವಿ ಸರಿಹೋಗಲು ವರ್ಷಗಟ್ಟಲೆ ಮಳೆ ಬೇಕು. ಕೈಯಲ್ಲಿ ಸೇದುತ್ತಿದ್ದಾಗ ಈ ಅಪಾಯ ಕಮ್ಮಿ ಇತ್ತು. ಮೋಟಾರಿಗೆ ದಣಿವಿಲ್ಲ.

ಮರಗಳಿಗೆ ಇಲ್ಲಿ ಮೂರನೇ ಕೆಲಸ ಸಿಗುತ್ತದೆ. ಉದುರಿದ ಎಲೆಯ ಹಾಸು ಮಳೆ ನೀರನ್ನು ಓಡಿಹೋಗದಂತೆ ಹಿಡಿದು ಕಲ್ಲಿನ ಬಿರುಕಿಗೆ ಇಳಿಸುತ್ತದೆ. ದಿನಾ ಗುಡಿಸಿ ಚೊಕ್ಕ ಮಾಡಿದ ತೋಟ ನೋಡಲು ಚಂದ, ಬಾವಿಗೆ ನಷ್ಟ. ಕಾಬೊದ ಎದುರಿಗಿರುವ ಅಗ್ವಾದ ಕೋಟೆಯವರು ಬೇರೆ ದಾರಿ ಹಿಡಿದಿದ್ದರು. ಅಲ್ಲಿನ ನೆಲದಡಿಯ ತೊಟ್ಟಿಯಲ್ಲಿ ಸುಮಾರು 24 ಲಕ್ಷ ಗ್ಯಾಲನ್ ನೀರು ಹಿಡಿಯುತ್ತಿತ್ತು. ದೂರದ ಹಡಗುಗಳು ನೀರು ತುಂಬಿಸಿಕೊಳ್ಳಲು ಅಲ್ಲಿಗೆ ಬರುತ್ತಿದ್ದವು.

ಮುಂಬೈಯ ತಮ್ಮ

ಮುಂಬೈ ಕನ್ನಡಿಗರಿಗೆ ಇದೇ ತಕರಾರು ಮಲಬಾರ್ ಪಾಯಿಂಟ್‌ನಲ್ಲಿ ಸಿಗುತ್ತದೆ. ವಾಲ್ಕೇಶ್ವರದ ತುದಿಯಲ್ಲಿ, ಮೂರು ಕಡೆ ಕಡಲು, ಸುಮಾರು 50 ಎಕರೆ. ಪರೇಲ್‌ನ ಬಂಗಲೆಯಲ್ಲಿ 1882ರಲ್ಲಿ ಗವರ್ನರ್ ಫರ್ಗ್ಯುಸನ್ ಅವರ ಹೆಂಡತಿ ಕಾಲರಾದಿಂದ ತೀರಿಕೊಂಡರು. ಅದಾದ ಕೆಲವೇ ವರ್ಷಗಳಲ್ಲಿ ಗವರ್ನರ್‌ಗಳು ಕಾಯಂ ಆಗಿ ಇಲ್ಲಿಗೆ ಬಂದರು. ಇಲ್ಲಿ ಒಂದೇ ದೊಡ್ಡ ಅರಮನೆ ಇಲ್ಲ. ಮರಗಳ ನಡುವೆ ಚದುರಿದ ವರಾಂಡದ ಬಂಗಲೆಗಳು. ಗಾಳಿಗೆ ಎಲ್ಲ ಕಡೆಯಿಂದ ದಾರಿ. ಈಗ ಅವುಗಳ ಹೆಸರೆಲ್ಲ ನೀರಿನದ್ದೇ: ಜಲಭೂಷಣ, ಜಲಲಕ್ಷಣ, ಜಲಚಿಂತನ್. ಆದರೆ ಜಲಭೂಷಣದ ಹಳೆ ಕಟ್ಟಡ ಉಳಿಯಲಿಲ್ಲ. ಶಿಥಿಲವಾಯಿತೆಂದು ಕೆಡವಿ, ಹೊಸದಾಗಿ ಕಟ್ಟಿ, 2022ರ ಜೂನ್‌ನಲ್ಲಿ ಉದ್ಘಾಟನೆ ಮಾಡಿದರು. ಆ ಆವರಣದಲ್ಲೇ 2016ರಲ್ಲಿ ಮುಚ್ಚಿಹೋಗಿದ್ದ ನೆಲದಡಿಯ ಬಂಕರ್ ಸಿಕ್ಕಿತು. 13 ಕೋಣೆಗಳದ್ದು. ನೆಲದ ಮೇಲಿನದನ್ನು ಕಡಲಗಾಳಿ ತಿಂದುಹಾಕಿತು, ನೆಲದ ಕೆಳಗಿನದು ಹಾಗೇ ಇತ್ತು.

ಕಾಬೊ ನೋಡಬೇಕೆಂದರೆ ಆಗಸ್ಟ್ 15 ಒಳ್ಳೆಯ ದಿನ. ಅವತ್ತು ಚಾಪೆಲ್‌ನ ಹಬ್ಬ, ಜನರನ್ನು ಒಳಗೆ ಬಿಡುತ್ತಾರೆ. ಗುರುತಿನ ಚೀಟಿ ಇಟ್ಟುಕೊಳ್ಳಿ, ಭದ್ರತೆಯವರು ಹೇಳಿದ ಕಡೆ ಮಾತ್ರ ಫೋಟೋ ತೆಗೆಯಿರಿ. ಸುತ್ತ ಕಣ್ಣಾಡಿಸುವಾಗ ಪಶ್ಚಿಮದ ಗೋಡೆ ಹುಡುಕಿ. ಅದರ ಮುಂದೆ ಎಷ್ಟು ಪದರ ಇದೆ ಎಣಿಸಿ. ಗಾರೆ ಎಲ್ಲಿ ಉದುರಿದೆ, ಪಾಚಿ ಯಾವ ಎತ್ತರದವರೆಗೆ ಹತ್ತಿದೆ, ಯಾವ ಮರ ಪೂರ್ವಕ್ಕೆ ವಾಲಿದೆ ನೋಡಿ. ನಡುಮಳೆಗಾಲವಾದ್ದರಿಂದ ಛತ್ರಿ ತಗೊಂಡು ಹೋಗುವ ಆಸೆ ಆಗುತ್ತದೆ. ಆ ಗಾಳಿಗೆ ಛತ್ರಿ ನಿಲ್ಲುವುದಿಲ್ಲ. ರೇನ್‌ಕೋಟ್ ಒಳ್ಳೆಯದು.